ಬರುವ ದಿನ ಕೇಳಬಾರದು

ಭಾನುವಾರ ಹನ್ನೊಂದು ಗಂಟೆಯಾಯಿತೆಂದರೆ ಆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಒಲೆ ಆರಿಸಬೇಕು, ನಲ್ಲಿ ನಿಲ್ಲಿಸಬೇಕು, ಪಕ್ಕದ ಮನೆಯ ರೇಡಿಯೊ ಜೋರಾದರೆ ಅತ್ತೆ ಕಿಟಕಿಯಿಂದಲೇ ಕೈಮುಗಿದು ತಗ್ಗಿಸಲು ಬೇಡಬೇಕು. ಸಮುದ್ರದಾಚೆ ಯಾವುದೋ ಗುಡ್ಡದ ಮೇಲೆ ಸೈನ್ಯದ ಸಿಗ್ನಲ್ ಪಡೆಯಲ್ಲಿರುವ ಮಗನ ಫೋನು ಬರುವ ಹೊತ್ತು ಅದು. ಬರೀ ಹತ್ತು ನಿಮಿಷ. ಮಾತು ಮುಗಿಯಲಿ, ಬಿಡಲಿ, ಹನ್ನೊಂದನೆಯ ನಿಮಿಷಕ್ಕೆ ಲೈನು ಹೋಗಿಬಿಡುತ್ತಿತ್ತು.

ಫೋನಿನ ಮೇಲಿನ ಗೋಡೆಗೆ ಮಾವ ಒಂದು ರಟ್ಟು ಹೊಡೆದಿದ್ದರು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದ ಮನುಷ್ಯ, ಅಕ್ಷರ ಮಾತ್ರ ಮುತ್ತಿನಂಥದು. ಯಾವ ಊರು ಎಂದು ಕೇಳಬಾರದು, ಹವಾಮಾನ ಕೇಳಬಾರದು, ಎಷ್ಟು ಜನ ಇದ್ದೀರಿ ಎಂದು ಕೇಳಬಾರದು, ಬರುವ ದಿನ ಕೇಳಬಾರದು. ಕೊನೆಯದಕ್ಕೆ ಕೆಂಪು ಮಸಿಯಲ್ಲಿ ಎರಡು ಗೆರೆ ಬೇರೆ. ಇದರಲ್ಲಿ ಯಾವುದನ್ನು ಕೇಳಿದರೂ ನಡುವೆ ಕೂತು ಆಲಿಸುತ್ತಿರುವವನು ಲೈನು ಕತ್ತರಿಸಿಬಿಡುತ್ತಾನೆ.

ಹಾಗೆ ಆಲಿಸುತ್ತ ಕೂರುವುದೇ ಅವರ ಮಗನ ಕೆಲಸ. ಹೋದ ಹೊಸತರಲ್ಲಿ ಅವನು ಗುಡ್ಡದಿಂದ ಗುಡ್ಡಕ್ಕೆ ತಂತಿ ಎಳೆದ, ಕಂಬ ನೆಟ್ಟ, ಬೆನ್ನ ಮೇಲೆ ಬ್ಯಾಟರಿ ಹೊತ್ತ. ಆಮೇಲೆ ಫೋನು ಜೋಡಿಸುವ ಬೋರ್ಡಿನ ಮುಂದೆ ಕೂರಿಸಿದರು. ದಿನಕ್ಕೆ ಹನ್ನೆರಡು ಗಂಟೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಸಿಪಾಯಿಗಳ ಮಾತನ್ನು ಅವರವರ ಮನೆಗೆ ಮುಟ್ಟಿಸಬೇಕು. ಯಾರಾದರೂ ‘ಅಮ್ಮಾ, ಮುಂದಿನ ತಿಂಗಳು’ ಎಂದು ಶುರುಮಾಡಿದರೆ ಗುಂಡಿ ಒತ್ತಬೇಕು. ಎಲ್ಲರ ಸರದಿ ಮುಗಿದ ಮೇಲೆ ಅವನ ಸರದಿ. ಆಗ ಅವನ ಜೊತೆಗಾರ ಬೋರ್ಡಿಗೆ ಕೂತು ಇವನ ಮಾತು ಕೇಳುತ್ತಿದ್ದ. ಕಾಗದ ಬರೆದರೂ ಅದೇ ಹಣೆಬರಹ. ತಿಂಗಳು ಅಲೆದು ಬಂದ ಕಾಗದದಲ್ಲಿ ಅರ್ಧಕ್ಕರ್ಧ ಸಾಲಿಗೆ ಕಪ್ಪು ಮಸಿ ಬಳಿದಿರುತ್ತಿತ್ತು.

ನಾಲ್ಕು ವರ್ಷದಲ್ಲಿ ಅವನು ರಜೆಗೆ ಬಂದದ್ದು ಒಂದೇ ಸಲ, ಇಪ್ಪತ್ತು ದಿನ. ಆಗ ಮಗಳು ಗುಬ್ಬಿಗೆ ಮೂರು ವರ್ಷ. ಮನೆಯೊಳಗೆ ಓಡಾಡುವ ಈ ದೊಡ್ಡ ಗಂಡಸು ಯಾರೆಂದು ತಿಳಿಯದೆ ಅಜ್ಜಿಯ ಬೆನ್ನ ಹಿಂದೆ ಸೇರಿಕೊಂಡವಳು ಈಚೆಗೇ ಬರಲೊಲ್ಲಳು. ಕೊನೆಗೆ ಅವನು ಬಾಗಿಲ ಹಿಂದೆ ನಿಂತು, “ಹಲೋ ಗುಬ್ಬೀ, ಊಟ ಆಯ್ತಾ?” ಎಂದ. ತಕ್ಷಣ, “ಆಯ್ತು ಅಪ್ಪಾ” ಎಂದು ಉತ್ತರ ಬಂತು. ಇಪ್ಪತ್ತು ದಿನವೂ ಅಪ್ಪ ಮಗಳು ಬಾಗಿಲಿನ ಆಚೆ ಈಚೆ ನಿಂತೇ ಮಾತಾಡಿದರು. ಬೀದಿಯವರೆಲ್ಲ ಅದನ್ನು ಹೇಳಿಕೊಂಡು ನಕ್ಕರು. ಸೊಸೆ ಮಾತ್ರ ನಗಲಿಲ್ಲ.

ಇನ್ನೇನು ಅದೆಲ್ಲ ಮುಗಿಯುವುದಿತ್ತು. ಸೈನ್ಯ ಸೇರಿ ಐದು ವರ್ಷವಾದ ಮೇಲೆ ಅಲ್ಲಿಗೆ ಕಳಿಸುವಾಗಲೇ ಕೊಟ್ಟ ಆದೇಶದಲ್ಲಿ ನಾಲ್ಕು ವರ್ಷ ಎಂದು ಅಚ್ಚಾಗಿತ್ತು. ಬರುವ ತಿಂಗಳ ಇಪ್ಪತ್ಮೂರಕ್ಕೆ ನಾಲ್ಕು ತುಂಬುತ್ತದೆ. ಕೇಳಬಾರದು ಅಷ್ಟೇ, ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದೆಂದು ಯಾರೂ ಹೇಳಿರಲಿಲ್ಲವಲ್ಲ. ಸೊಸೆ ಹಾಸಿಗೆಗೆ ಹೊಸ ಹತ್ತಿ ತುಂಬಿಸಿದ್ದಳು, ಕೋಣೆಗೆ ತಾನೇ ಏಣಿ ಹತ್ತಿ ಸುಣ್ಣ ಬಳಿದಿದ್ದಳು.

ಆ ಭಾನುವಾರ ಅತ್ತೆ ಮೂರು ನಿಮಿಷ ಮಾತಾಡಿದರು, ಮಾವ ನಾಲ್ಕು, ಗುಬ್ಬಿ ಒಂದು. ಉಳಿದ ಎರಡು ಸೊಸೆಯ ಪಾಲಿಗೆ.

“ಊಟ ಆಯ್ತಾ?”

“ಆಯ್ತು.”

“ಏನಿತ್ತು?”

“ಆಲೂಗಡ್ಡೆ.”

“ಹೋದ ವಾರಾನೂ ಆಲೂಗಡ್ಡೆ ಅಂದ್ರಿ.”

“ಏನಂದೆ? ಇರು, ಈ ಕಡೆ ಕಿವಿಗೆ ಹಿಡೀತೀನಿ.”

ಎಡಗಿವಿ ಮಂದವಾಗಿ ಒಂದು ವರ್ಷವಾಗುತ್ತ ಬಂದಿತ್ತು. ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ವಾರ ವಾರವೂ ‘ಇರು, ಈ ಕಡೆ’ ಎನ್ನುವವನ ಕಿವಿ ಏನಾಗಿದೆಯೆಂದು ಹೆಂಡತಿಗೆ ತಿಳಿಯದೆ ಇರುತ್ತದೆಯೇ?

“ನೀನು ಗಟ್ಟಿಗಿತ್ತಿ ಕಣೇ,” ಎಂದ ಅವನು ಇದ್ದಕ್ಕಿದ್ದಂತೆ. “ಎಲ್ಲಾ ನಿಭಾಯಿಸ್ತೀಯ ಅಂತ ಗೊತ್ತು ನಂಗೆ.”

ಯಾಕೆ ಹೀಗಂದಿರಿ ಎಂದು ಕೇಳುವಷ್ಟರಲ್ಲಿ ಹತ್ತು ನಿಮಿಷ ಮುಗಿದಿತ್ತು.

ಸೊಸೆ ಕೆಲಸಕ್ಕೆ ಹೋಗುತ್ತಿದ್ದುದು ಆಸ್ಪತ್ರೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆಗೆ. ಸೋಮವಾರ ಅವಳೂ ಡ್ರೈವರನ ಹೆಂಡತಿಯೂ ಎದುರುಬದುರು ನಿಂತು ಹಾಸುಬಟ್ಟೆ ಮಡಚುತ್ತಿದ್ದರು. ಆ ಡ್ರೈವರ್ ಓಡಿಸುವುದೂ ಅದೇ ಸಿಗ್ನಲ್ ಪಡೆಯ ಲಾರಿಯನ್ನು.

“ಏನೇ, ಸಹಿ ಹಾಕ್ಬಿಟ್ಯಂತೆ?” ಎಂದಳು ಡ್ರೈವರನ ಹೆಂಡತಿ.

“ಯಾವ ಸಹಿ?”

“ನಾಟಕ ಆಡ್ಬೇಡ. ಗಂಡ ಇನ್ನೂ ಎರಡು ವರ್ಷ ಅಲ್ಲೇ ಇರಲಿ ಅಂತ ಹೆಂಡತಿ ಒಪ್ಪಿಗೆ ಕೊಡೋ ಫಾರಮ್ಮು. ನಂಗೂ ಬಂದಿತ್ತು. ಆಗಲ್ಲ ಅಂತ ಬರೆದು ಕಚೇರಿಗೇ ಹೋಗಿ ಬಿಸಾಕಿ ಬಂದೆ. ಆ ಗುಮಾಸ್ತ ನಿನ್ನ ಫಾರಮ್ಮು ತೋರಿಸಿ, ಇವರನ್ನ ನೋಡಿ ಕಲೀರಿ ಅಂದ ಕಣೇ!”

ಹಾಸುಬಟ್ಟೆಯ ತುದಿ ಸೊಸೆಯ ಕೈಯಿಂದ ಜಾರಿ ಒದ್ದೆ ನೆಲಕ್ಕೆ ಬಿತ್ತು.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಮಾವ ಚಹಾ ಕುಡಿಯುತ್ತಿದ್ದರು.

“ಮಾವ, ಎರಡು ವರ್ಷದ ಫಾರಮ್ಮು ಬಂದಿತ್ತಾ?”

ಅತ್ತೆ ಒಲೆಯ ಕಡೆ ಮುಖ ತಿರುಗಿಸಿ ನಿಂತರು. ಸೊಸೆಗೆ ಅಲ್ಲೇ ಉತ್ತರ ಸಿಕ್ಕಿತು.

“ಬಂದಿತ್ತು. ಸಹಿ ಹಾಕಿ ಕಳಿಸ್ದೆ,” ಎಂದರು ಮಾವ.

“ಹೆಂಡತಿ ಸಹಿ ಅಂತ ಇರೋ ಜಾಗಕ್ಕೆ?”

“ನೀನು ಕೆಲಸಕ್ಕೆ ಹೋಗಿದ್ದೆ. ಅವತ್ತೇ ಕೊನೇ ದಿನ ಅಂದ ತಂದೋನು. ಮನೆ ಯಜಮಾನ ಅಂತ ನಾನಿದೀನಲ್ಲ.”

“ನನ್ನ ಹೆಸರು ನೀವು ಬರೆದ್ರಾ?”

“ಚೆನ್ನಾಗೇ ಬರೆದಿದೀನಿ.”

ಸೊಸೆಯ ಮೈಯೆಲ್ಲ ಉರಿದುಹೋಯಿತು. “ಅವರನ್ನಾದ್ರೂ ಒಂದು ಮಾತು ಕೇಳಿದ್ರಾ?”

“ಕೇಳೋ ಹಾಗಿದ್ಯಾ? ಗೋಡೆ ನೋಡು!” ಮಾವನೂ ದನಿ ಏರಿಸಿದರು. “ಅಧಿಕಾರಿಗಳು ಬರೆದ ಕಾಗದ ಓದಿಲ್ವಾ ನೀನು? ಸುಮ್ಮನೆ ಬರೀತಾರಾ ಅವರು?”

ಆ ಕಾಗದಕ್ಕೆ ಮಾವ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ‘ನಿಮ್ಮ ಮಗನ ಕೈಯಿಲ್ಲದೆ ನಮ್ಮ ಲೈನಿಗೆ ಜೀವವಿಲ್ಲ. ಇಂಥವನನ್ನು ಹೆತ್ತ ಮನೆಗೆ ಸೈನ್ಯ ಋಣಿ’ ಎಂದಿತ್ತು ಅದರಲ್ಲಿ. ಬಿರುಗಾಳಿಯಲ್ಲಿ ಕಂಬ ಹತ್ತಿದ್ದಕ್ಕೂ, ಒಮ್ಮೆ ಬಿದ್ದು ಸೊಂಟ ಮುರಿದುಕೊಂಡದ್ದಕ್ಕೂ ಇಲಾಖೆ ಮಾವನಿಗೆ ಒಂದು ಸಲವೂ ಭೇಷ್ ಎಂದಿರಲಿಲ್ಲ. ಹಾಗಾಗಿ ಮನೆಗೆ ಬಂದವರಿಗೆಲ್ಲ ಆ ಎರಡು ಸಾಲನ್ನು ಓದಿಸಿಯೇ ಕಳಿಸುತ್ತಿದ್ದರು.

“ಆಗಿದ್ದು ಆಯ್ತು, ಚಪ್ಪಲಿ ಬಿಟ್ಟು ಬಾಮ್ಮಾ, ಊಟ ಮಾಡು,” ಎಂದರು ಅತ್ತೆ.

“ನೀವೇ ಮಾಡಿ ಅತ್ತೆ. ನಂಗೆ ಈ ಮನೇದು ಹೊಟ್ಟೆ ತುಂಬೋಯ್ತು.”

ಮರುದಿನ ಅರ್ಧ ದಿನ ರಜೆ ಹಾಕಿ ಸೈನಿಕರ ಕಚೇರಿಗೆ ಹೋದಳು. ಗುಮಾಸ್ತ ಕನ್ನಡಕ ಏರಿಸಿ ಫಾರಮ್ಮು ನೋಡಿದ.

“ಒಪ್ಪಿಗೆ ಬಂದಿದೆಯಲ್ಲಮ್ಮ.”

“ಅದು ನನ್ನ ಸಹಿ ಅಲ್ಲ. ವಾಪಸ್ ಕೊಡಿ.”

“ಸಹಿ ಮಾಡಿದವರೇ ಬಂದು ವಾಪಸ್ ತಗೋಬೇಕು.”

“ಅದನ್ನೇ ಹೇಳ್ತಿದೀನಿ, ನಾನು ಮಾಡೇ ಇಲ್ಲ!”

“ಮಾಡಿಲ್ಲ ಅಂದ್ಮೇಲೆ ವಾಪಸ್ ತಗೊಳ್ಳೋಕೆ ನಿಮಗೆ ಹೇಗಮ್ಮ ಬರುತ್ತೆ?” ಎಂದ ಗುಮಾಸ್ತ, ಮಗುವಿಗೆ ಪಾಠ ಹೇಳುವ ಹಾಗೆ. “ಅದೂ ಅಲ್ದೆ ನಿಮ್ಮ ಗಂಡಾನೂ ಒಪ್ಪಿದಾರೆ. ಮೊದಲು ಮನೆಯವರದ್ದು ತರಿಸ್ತಾರೆ, ಅದನ್ನ ತೋರಿಸಿ ಅವರದ್ದು ತಗೋತಾರೆ. ಬೋರ್ಡಿಗೆ ಜನ ಸಾಲ್ತಿಲ್ಲ. ಬಾಯಿ ಬಿಗಿ ಇಲ್ಲ ಅಂತ ಹೋದ ವರ್ಷ ಇಬ್ಬರನ್ನ ಮನೆಗೆ ಕಳಿಸಿದ್ರು. ಇರೋರನ್ನ ಇಟ್ಕೋಬೇಕಲ್ಲ?”

ಗಟ್ಟಿಗಿತ್ತಿ ಎಂದು ಅವನು ಯಾಕೆ ಅಂದನೆಂದು ಅವಳಿಗೆ ಆಗ ಹೊಳೆಯಿತು. ಹೆಂಡತಿಯೇ ಇರಲಿ ಎಂದಿದ್ದಾಳೆ ಎಂದುಕೊಂಡು ಅವನು ಸಹಿ ಹಾಕಿದ್ದಾನೆ. ಬರುವ ದಿನದ ಸುದ್ದಿ ಎತ್ತಬಾರದೆಂದು ಇಬ್ಬರೂ ವಾರ ವಾರವೂ ಆಲೂಗಡ್ಡೆಯ ಮಾತಾಡಿಕೊಂಡು ಕೂತಿದ್ದಾರೆ. ಎಂಥಾ ಮೂರ್ಖರು ನಾವು ಎಂದು ಬೀದಿಯಲ್ಲೇ ಹಣೆ ಚಚ್ಚಿಕೊಂಡಳು.

ಭಾನುವಾರ ಫೋನು ಬಡಿದುಕೊಂಡ ಕೂಡಲೇ ಅತ್ತೆಗಿಂತ ಮೊದಲು ಅವಳೇ ಎತ್ತಿದಳು.

“ರೀ, ನೀವು ಬರೋ ದಿನದ್ದು—”

“ಏಯ್, ಬೇಡ!” ಎಂದ ಅವನು. ಟಕ್ ಎಂದಿತು. ಲೈನು ಹೋಯಿತು.

ಅತ್ತೆ ಕೂತಲ್ಲೇ ಅಳತೊಡಗಿದರು. “ನನ್ನ ಮೂರು ನಿಮಿಷಾನೂ ಕಳೆದ್ಯಲ್ಲೇ!”

ಮಾವ ಮಾತ್ರ ಕಿವಿ ನಿಮಿರಿಸಿ ನಿಂತಿದ್ದರು. “ಬೋರ್ಡಿಂದ ಕತ್ತರಿಸಿದ್ರೆ ಮೊದಲು ಕೀಂಯ್ ಅನ್ನುತ್ತೆ. ಇದು ಅವನೇ ಇಟ್ಟಿದ್ದು. ಹೆಂಡತಿ ಆದ್ರೇನು, ಯಾರಾದ್ರೇನು, ನಿಯಮ ನಿಯಮಾನೇ. ಸಿಗ್ನಲ್‌ನವನು ಅಂದ್ರೆ ಹೀಗಿರ್ಬೇಕು!”

ಸೊಸೆ ಅತ್ತು ಕರೆಯಲೂ ಇಲ್ಲ, ಕೂಗಾಡಲೂ ಇಲ್ಲ. “ಸರಿ ಮಾವ,” ಎಂದಳು. “ನಿಯಮ ಅಂದ್ರೆ ಅಷ್ಟು ಇಷ್ಟ ಅಲ್ವಾ ನಿಮಗೆ? ಇವತ್ತಿಂದ ಈ ಮನೇಲೂ ಅದೇ ನಿಯಮ.”

ಮಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಚೀಲ ಹಿಡಿದು ಹೊರಟಾಗ ಎಂದಿನಂತೆ, “ಎಲ್ಲಿಗಮ್ಮ ಇಷ್ಟು ಬೇಗ?” ಎಂದರು.

“ಯಾವ ಊರು ಅಂತ ಕೇಳಬಾರದು.”

“ಆಂ? ಎಷ್ಟೊತ್ತಿಗೆ ಬರ್ತೀಯ?”

“ಬರೋ ದಿನ ಕೇಳಬಾರದು. ನಿಮ್ಮ ತಿಂಡಿ ಆಯ್ತಾ ಮಾವ?”

ಮಂಗಳವಾರ ಹೊರಗಿನಿಂದ ಬಟ್ಟೆ ಎತ್ತಿಕೊಂಡು ಬಂದವಳನ್ನು, “ಮೋಡ ಇದ್ಯಾ? ಕೊಡೆ ತಗೊಂಡು ಹೋಗ್ಲಾ?” ಎಂದು ಕೇಳಿದರು. “ಹವಾಮಾನ ಕೇಳಬಾರದು,” ಎಂದಳು. ಮಾವ ಸಿಟ್ಟಿಗೆ ಕೊಡೆ ಬಿಟ್ಟೇ ಹೋಗಿ ತೊಪ್ಪೆಯಾಗಿ ಬಂದರು. ಬುಧವಾರ ಅವರ ಹಳೆಯ ಇಲಾಖೆಯ ಗೆಳೆಯರು ಊಟಕ್ಕೆ ಬರುವುದಿತ್ತು. ಅಡುಗೆ ಎಷ್ಟು ಜನಕ್ಕೆ ಇಟ್ಟಿದ್ದೀಯ ಎಂದು ಕೇಳಿದ್ದಕ್ಕೆ, “ಎಷ್ಟು ಜನ ಅಂತ ಕೇಳಬಾರದು ಅಜ್ಜಾ!” ಎಂದು ಗುಬ್ಬಿ ಕುಣಿದಳು. ಅವಳಿಗೆ ಇದೊಳ್ಳೆ ಆಟ. ಗೆಳೆಯರ ಮುಂದೆ ಮಾವನ ಮುಖ ಹುಳ್ಳಗಾಯಿತು.

ಗುರುವಾರ ಮಾವ ಮನೆಯೆಲ್ಲ ಹುಡುಕಾಡಿ, “ಲೇ, ನನ್ನ ಕನ್ನಡಕ ಎಲ್ಲಿ?” ಎಂದು ಹೆಂಡತಿಯನ್ನು ಕೇಳಿದರು.

ಅತ್ತೆ ತರಕಾರಿ ಹೆಚ್ಚುತ್ತ ತಲೆಯೆತ್ತದೆ, “ಜಾಗ ಹೇಳೋ ಹಾಗಿಲ್ಲ ರೀ,” ಎಂದರು.

“ನೀನೂನಾ?”

“ಹೂಂ, ನಾನೂನೂ. ಮೂವತ್ತೈದು ವರ್ಷ ಕಂಬ, ತಂತಿ ಅಂತ ಎದ್ದು ಹೋಗ್ತಿದ್ರಿ. ಯಾವಾಗ ಬರ್ತೀರಿ ಅಂತ ಒಂದಿನ ಕೇಳ್ಲಿಲ್ಲ ನಾನು. ಕೇಳ್ಬೇಕಿತ್ತು.”

ಮಾವ ಕೆಂಡವಾದರು. “ಎಲ್ಲಾ ಸೇರ್ಕೊಂಡು ನನ್ನ ಆಟ ಆಡಿಸ್ತಿದೀರಾ? ನಾಲ್ಕು ದಿನ ಆಯ್ತು, ಈ ಮನೇಲಿ ಒಂದು ಪ್ರಶ್ನೆಗೆ ಉತ್ತರ ಇಲ್ಲ! ಮನುಷ್ಯ ಹೇಗೆ ಬದುಕೋದು?”

“ನಾಲ್ಕು ದಿನಕ್ಕೇ ಹೀಗಾದ್ರೆ ಹೇಗೆ ಮಾವ?” ಎಂದಳು ಸೊಸೆ. “ನಂದು ನಾಲ್ಕು ವರ್ಷ ಆಯ್ತು. ಇನ್ನೆರಡು ನೀವು ಸೇರಿಸಿದ್ರಿ. ಅವರ ಒಂದು ಕಿವಿ ಹೋಗಿದೆ, ಗೊತ್ತಾ ನಿಮಗೆ? ಇನ್ನೊಂದೂ ಹೋಗ್ಲಿ ಅಂತಾನಾ?”

ಕಿವಿಯ ಸುದ್ದಿ ಮಾವನಿಗೆ ಗೊತ್ತಿರಲಿಲ್ಲ. ವಾರಕ್ಕೆ ನಾಲ್ಕು ನಿಮಿಷ ಅವರು ಬ್ಯಾಟರಿಯ ಬಗ್ಗೆ ಬುದ್ಧಿ ಹೇಳುತ್ತಿದ್ದರೇ ಹೊರತು, ಆ ಕಡೆಯಿಂದ ಬಂದದ್ದನ್ನು ಕೇಳಿಸಿಕೊಂಡದ್ದು ಕಡಿಮೆ.

ಶುಕ್ರವಾರ ಸಂಜೆ ಡ್ರೈವರನ ಹೆಂಡತಿ ಮಗುವಿಗೆ ಬಿಸ್ಕತ್ತು ಹಿಡಿದುಕೊಂಡು ಬಂದಳು. ಗೋಡೆಯ ಮೇಲಿನ ಚೌಕಟ್ಟು ನೋಡಿದವಳೇ ಕಿಸಕ್ಕನೆ ನಕ್ಕಳು.

“ಅಯ್ಯೋ, ಇದಕ್ಕೆ ಚೌಕಟ್ಟು ಬೇರೇನಾ? ನಮ್ಮನೇಲಿ ಸಕ್ಕರೆ ಡಬ್ಬಿ ಕೆಳಗೆ ಹಾಸಿದೀನಿ!”

“ಏನಂದೆ?” ಎಂದರು ಮಾವ.

ಎರಡೇ ಬೀದಿಯ ಆಚೆ ಅವಳ ಮನೆ. ಹೋಗಿ ತಂದೇಬಿಟ್ಟಳು. ಜಿಡ್ಡು ಹಿಡಿದು, ಡಬ್ಬಿಯ ಸುತ್ತು ಕಲೆ ಬಿದ್ದ ಕಾಗದ. ಮಾವ ಚೌಕಟ್ಟು ಇಳಿಸಿ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬೆರಳು ಸರಿಸುತ್ತ ಓದಿದರು. ‘ನಿಮ್ಮ ಮಗನ ಕೈಯಿಲ್ಲದೆ ನಮ್ಮ ಲೈನಿಗೆ ಜೀವವಿಲ್ಲ.’ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

“ಅವನು ಲಾರಿ ಓಡಿಸ್ತಾನೆ ಅಲ್ವೇನಮ್ಮ?” ಎಂದರು ಸಣ್ಣ ದನಿಯಲ್ಲಿ.

“ಹೌದು ಅಜ್ಜ. ಅವನಿಗೆ ಲೈನು ಯಾವ್ದು, ಬಟ್ಟೆ ಒಣಹಾಕೋ ಹಗ್ಗ ಯಾವ್ದು ಅಂತಾನೂ ಗೊತ್ತಿಲ್ಲ.”

ಮಾವ ಆ ದಿನ ಊಟಕ್ಕೆ ಏಳಲಿಲ್ಲ. ಸೊಸೆಗೆ ಪಾಪ ಎನ್ನಿಸಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ಒಂದು ಹಾಳೆಯ ಹೊಗಳಿಕೆಗೆ ಮುದುಕ ಮಗನನ್ನೇ ಕೊಟ್ಟುಬಿಟ್ಟಿದ್ದರು. ಅಚ್ಚು ಹಾಕಿ ಹಂಚಿದವರಿಗೆ ಅದೆಷ್ಟು ಸುಲಭದ ಕೆಲಸ!

ಶನಿವಾರ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಮಾವ ಇಲಾಖೆಯ ಹಳೆಯ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ನಡಿಯಮ್ಮ, ಕಚೇರಿಗೆ.”

ಗುಮಾಸ್ತನ ಮೇಜಿನ ಮೇಲೆ ಎರಡೂ ಕಾಗದ ಇಟ್ಟು ಮಾವ ಕೇಳಿದರು: “ಇದು ಎಷ್ಟು ಮನೆಗೆ ಹೋಗಿದೆ?”

“ಸಿಗ್ನಲ್‌ನವರ ಮನೆಗೆಲ್ಲ. ನೂರಾ ನಲವತ್ತು ಇರ್ಬೇ​ಕು.”

“ಆ ಫಾರಮ್ಮಿನ ಸಹಿ ನಾನು ಮಾಡಿದ್ದು. ಇವಳದ್ದಲ್ಲ. ಬರ್ಕೊಳ್ಳಿ.”

ಗುಮಾಸ್ತ ಹೌಹಾರಿದ. “ಅಜ್ಜ, ಇದು ಕಳ್ಳಸಹಿ ಆಗುತ್ತೆ. ನಿಮ್ಮ ಮೇಲೆ ಕೇಸು ಹಾಕ್ಬಹುದು.”

“ಹಾಕ್ಲಿ. ಕಂಬದಿಂದ ಬಿದ್ದೋನು ನಾನು, ಕೇಸಿಗೆ ಹೆದರ್ತೀನಾ? ಕಾಗದ ಕೊಡಿ ಇಲ್ಲಿ.” ಅದೇ ಮುತ್ತಿನಂಥ ಅಕ್ಷರದಲ್ಲಿ ಮಾವ ತಪ್ಪೊಪ್ಪಿಗೆ ಬರೆದರು. ಕೆಳಗೆ ಸೊಸೆ, ತನಗೆ ಒಪ್ಪಿಗೆ ಇಲ್ಲ ಎಂದು ಬರೆದು ತನ್ನ ಸಹಿ ಹಾಕಿದಳು.

“ಇವತ್ತೇ ಕಳಿಸ್ತೀನಿ,” ಎಂದ ಗುಮಾಸ್ತ. “ಆದ್ರೆ ಆಸೆ ಇಟ್ಕೋಬೇಡಿ. ಮನೆಯವರ ಒಪ್ಪಿಗೆ ಇಲ್ದಿದ್ರೂ, ಈ ಮನುಷ್ಯ ಬೇಕೇ ಬೇಕು ಅಂತ ಮೇಲಿನವರು ಬರೆದ್ರೆ ಹಿಡಿದಿಟ್ಕೋಬಹುದು.”

“ಹಾಗಾದ್ರೆ ಒಪ್ಪಿಗೆ ಯಾಕ್ರೀ ಕೇಳ್ತೀರಿ?” ಸೊಸೆಯ ದನಿಗೆ ಕಚೇರಿಯವರೆಲ್ಲ ತಿರುಗಿ ನೋಡಿದರು.

“ಕೇಳೋದು ಪದ್ಧತಿ ಅಮ್ಮ.”

“ಬೆಂಕಿ ಬಿತ್ತು ನಿಮ್ಮ ಪದ್ಧತಿಗೆ!”

ಮರುದಿನ ಭಾನುವಾರ ಫೋನೇ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಹನ್ನೊಂದರಿಂದ ಹನ್ನೆರಡರವರೆಗೆ ನಾಲ್ಕು ಜನವೂ ಫೋನಿನ ಸುತ್ತ ಕೂತು ಎದ್ದರು. ಮನೆಯಲ್ಲಿ ಮತ್ತೆ ಮಾತು ಶುರುವಾಗಿತ್ತು. ಎಲ್ಲಿಗೆ, ಯಾವಾಗ, ಮಳೆ ಬರುತ್ತದೆಯೇ ಎಂದು ಎಲ್ಲರೂ ಎಲ್ಲವನ್ನೂ ಕೇಳುತ್ತಿದ್ದರು. ಮಾವ ಗೋಡೆಯ ರಟ್ಟನ್ನೂ ಕಿತ್ತು ಒಲೆಗೆ ಹಾಕಿದ್ದರು. ಆದರೆ ಇಪ್ಪತ್ಮೂರಕ್ಕೆ ಅವನು ಬರುತ್ತಾನೋ ಇಲ್ಲವೋ ಎಂಬ ಒಂದಕ್ಕೆ ಮಾತ್ರ ಯಾರಲ್ಲೂ ಉತ್ತರವಿರಲಿಲ್ಲ. ಹತ್ತೇ ದಿನ ಉಳಿದಿತ್ತು.

ಮೂರನೆಯ ಭಾನುವಾರ ಫೋನು ಬಂತು.

ಅತ್ತೆ ಎತ್ತಿ, “ಮಗಾ, ಹುಷಾರಾಗಿದೀಯಾ?” ಎಂದು ಕೇಳಿ, ಅವನು ಹೂಂ ಎಂದದ್ದೇ ಗಂಡನಿಗೆ ಕೊಟ್ಟರು. ಮಾವ ಬ್ಯಾಟರಿಯ ಸುದ್ದಿ ಎತ್ತಲಿಲ್ಲ. “ತಪ್ಪು ನಂದು ಕಣೋ,” ಎಂದಷ್ಟೇ ಹೇಳಿ, ಕಣ್ಣು ಒರೆಸಿಕೊಳ್ಳುತ್ತ ಸೊಸೆಯ ಕೈಗಿಟ್ಟರು.

“ಕೇಳಿಸ್ತಿದ್ಯಾ?” ಎಂದ ಅವನು.

“ಹೂಂ.”

“ಕಾಗದ ತೋರಿಸಿದ್ರು. ನೀನು ಹಾಕಿಲ್ಲ ಅಂತ ಗೊತ್ತಾಯ್ತು. ಅವತ್ತು ಫೋನ್ ಇಟ್ಟಿದ್ದಕ್ಕೆ ಬೈಯಲ್ವಾ?”

“ಬೈಯೋಕೆ ಹತ್ತು ನಿಮಿಷ ಸಾಲಲ್ಲ.”

ಅವನು ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಅವಳು ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡಳು. ಈ ಸಲ ಕೇಳಬಾರದೆಂದು ನಿರ್ಧರಿಸಿದ್ದಳು. ಸಂಕಟವಾದರೂ ಸರಿ, ಅವನ ದನಿ ಇನ್ನೆರಡು ನಿಮಿಷ ಇರಲಿ.

ಆ ಕಡೆ ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ಕಚೇರಿಯ ಸಂದೇಶ ಓದುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ ಹೇಳಿದ: “ಇಪ್ಪತ್ಮೂರನೇ ತಾರೀಕು. ಬೆಳಿಗ್ಗೆ ಹತ್ತು ಗಂಟೆಗೆ. ಹಡಗಿನಲ್ಲಿ ನಾನು—”

ಕೀಂಯ್ ಎಂದಿತು. ಲೈನು ಸತ್ತಿತು.

“ಏನಂದ? ಏನಂದ ಅವನು?” ಅತ್ತೆ ಅವಳ ತೋಳು ಹಿಡಿದು ಅಲ್ಲಾಡಿಸಿದರು. ಸೊಸೆ ಹೇಳಿದಳು.

ಮಾವ ಧೊಪ್ಪನೆ ಕುರ್ಚಿಯಲ್ಲಿ ಕೂತರು. “ಅವರು ಬಿಡಲ್ಲ ಅಂದಿರ್ಬೇಕು, ಅದಕ್ಕೇ ಬೇಕೂಂತ ದಿನ ಹೇಳಿದಾನೆ,” ಎಂದರು. “ಬೋರ್ಡಿನ ಮೇಲೆ ಕೂತೋನು ದಿನ ಬಾಯಿಬಿಟ್ರೆ ಆಯ್ತು, ಮತ್ತೆ ಬೋರ್ಡಿನ ಹತ್ತಿರ ಸೇರಿಸಲ್ಲ. ಇನ್ನು ಅವನನ್ನ ಇಟ್ಕೊಂಡು ಅವರೇನು ಮಾಡ್ತಾರೆ? ಎರಡು ದಿನ ಕೋಣೇಲಿ ಕೂಡಿಹಾಕ್ತಾರೆ, ಮನೆಗೆ ಕಳಿಸ್ತಾರೆ. ಬರ್ತಾನೆ ಕಣೇ, ಬರ್ತಾನೆ!”

ಅತ್ತೆ ಗುಬ್ಬಿಯನ್ನು ಎತ್ತಿ ಮುದ್ದಾಡಿದರು. ಮಾವನ ಮುಖ ಮಾತ್ರ ಮತ್ತೆ ಸಣ್ಣಗಾಯಿತು. “ಆದ್ರೆ ಅವನ ಸರ್ವಿಸ್ ಪುಸ್ತಕದಲ್ಲಿ ಕೆಂಪು ಮಸಿ ಬಿತ್ತಲ್ಲ. ಒಂಬತ್ತು ವರ್ಷದ ನೌಕರೀಲಿ ಒಂದು ತಪ್ಪಿರಲಿಲ್ಲ ಅವನದ್ದು.”

ಸೊಸೆ ಇನ್ನೂ ಫೋನನ್ನು ಕೈಯಲ್ಲೇ ಹಿಡಿದಿದ್ದಳು. ಕಣ್ಣು ಒರೆಸಿಕೊಂಡು ಅದನ್ನು ಕುಕ್ಕಿ ಇಟ್ಟಳು.

“ಒಂಬತ್ತು ವರ್ಷ ತಪ್ಪಿಲ್ದೆ ದುಡಿದೋನನ್ನ ಮನೆಗೆ ಬಿಡಲ್ಲ ಅಂತಿದ್ರು,” ಎಂದಳು. “ಒಂದು ತಪ್ಪು ಮಾಡಿದ ಮೇಲೆ ಬಿಡ್ತಾರಾ? ಥೂ ಅವರ!”